ಹಳೇ ಜಾದೂ ಆಟಿಕೆಯ ವಿಮರ್ಶೆ: ಚೆಂಡು-ಬಟ್ಟಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಜಾದೂ ಆಟಿಕೆಗಳನ್ನು ಕೂಡಿಡುವುದು ನನ್ನ ಹವ್ಯಾಸ. ದೊಡ್ಡ ವೇದಿಕೆಯ ಸಾಮಾನಲ್ಲ. ಮಕ್ಕಳ ಜಾದೂ ಪೆಟ್ಟಿಗೆಯಲ್ಲಿ ಬರುತ್ತಿದ್ದ, ಅಂಗೈಯಲ್ಲಿ ಹಿಡಿಸುವ ಚಿಕ್ಕಪುಟ್ಟ ವಸ್ತುಗಳು. ಆಗಾಗ ಒಂದನ್ನು ಹೊರಗೆ ತೆಗೆದು, ಧೂಳು ಒರೆಸಿ, ನಾಲ್ಕು ದಿನ ಆಡಿ ನೋಡಿ ಅದರ ಬಗ್ಗೆ ಬರೆಯುತ್ತೇನೆ. ಈ ಸಲದ್ದು ಹಳದಿ ಪ್ಲಾಸ್ಟಿಕ್ಕಿನ ಚೆಂಡು-ಬಟ್ಟಲು. ನೋಡೋಕೆ ಏನೂ ಅಲ್ಲದ ಆಟಿಕೆ. ಆದರೆ ಇದರ ಬಗ್ಗೆ ಕೇಳಿದಷ್ಟು ಪ್ರಶ್ನೆಗಳನ್ನು ಜನ ಬೇರೆ ಯಾವುದರ ಬಗ್ಗೆಯೂ ಕೇಳಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ.

ಚೆಂಡು-ಬಟ್ಟಲು ಅಂದರೆ ಯಾವುದು?

ಕಾಲಿರುವ ಒಂದು ಪುಟ್ಟ ಬಟ್ಟಲು, ಅದರ ಮೇಲೆ ಗುಮ್ಮಟದಂಥ ಮುಚ್ಚಳ, ಒಳಗೆ ಒಂದು ಚೆಂಡು. ಇಂಗ್ಲಿಷಿನವರು ‘ಬಾಲ್ ಅಂಡ್ ವಾಸ್’ ಅನ್ನುತ್ತಾರೆ. ನನ್ನದು ಕಾಲಿನಿಂದ ಮುಚ್ಚಳದ ತುದಿಯವರೆಗೆ ಒಂದು ಬೆರಳು ಎತ್ತರ ಇದೆ. ಚೆಂಡು ದೊಡ್ಡ ಗೋಲಿಯಷ್ಟು. ಮಕ್ಕಳ ಜಾದೂ ಪೆಟ್ಟಿಗೆ ಯಾವುದೇ ಇರಲಿ, ಇದು ಅದರಲ್ಲಿ ಹೆಚ್ಚುಕಡಿಮೆ ಖಾಯಂ ಸದಸ್ಯ. ಹೆಸರು ಗೊತ್ತಿಲ್ಲದಿದ್ದರೂ ಒಮ್ಮೆ ನೋಡಿದರೆ ‘ಓ, ಇದಾ!’ ಅನ್ನುತ್ತೀರಿ.

ನೋಡುವವರಿಗೆ ಏನು ಕಾಣುತ್ತದೆ?

ಮುಚ್ಚಳ ತೆಗೆದು ಬಟ್ಟಲಲ್ಲಿ ಚೆಂಡು ಇದೆ ಅಂತ ತೋರಿಸುತ್ತೀರಿ. ಚೆಂಡನ್ನು ತೆಗೆದು ಜೇಬಿಗೆ ಹಾಕುತ್ತೀರಿ. ಖಾಲಿ ಬಟ್ಟಲಿಗೆ ಮುಚ್ಚಳ ಹಾಕಿ, ಛೂ ಮಂತ್ರ ಅಂದು ತೆಗೆದರೆ ಚೆಂಡು ಮತ್ತೆ ಬಟ್ಟಲಲ್ಲಿ ಕೂತಿರುತ್ತದೆ. ಮತ್ತೆ ಮುಚ್ಚಿ ತೆಗೆದರೆ ಬಟ್ಟಲು ಖಾಲಿ. ಚೆಂಡು ಜೇಬಿನಿಂದ ಹೊರಬರುತ್ತದೆ. ಇಷ್ಟೇ. ಒಂದು ನಿಮಿಷವೂ ಬೇಡ.

ವಿಮರ್ಶೆಯಲ್ಲಿ ಗುಟ್ಟು ಬಿಟ್ಟುಕೊಡ್ತೀರಾ?

ನನಗೆ ಅತಿ ಹೆಚ್ಚು ಬೈಗುಳ ತಂದುಕೊಟ್ಟ ಪ್ರಶ್ನೆ ಇದು. ‘ಹೇಳಬೇಡಿ’ ಅಂತ ಬೈಯುವವರೂ ಇದ್ದಾರೆ, ‘ಹೇಳದೆ ಇದೆಂಥ ವಿಮರ್ಶೆ’ ಅಂತ ಬೈಯುವವರೂ ಇದ್ದಾರೆ.

ಇವತ್ತು ಯಾರೋ ಒಬ್ಬರು ತಲೆ ಓಡಿಸಿ ಹೊಸದಾಗಿ ಮಾಡಿದ ಜಾದೂ ಆದರೆ ಖಂಡಿತ ಹೇಳುವುದಿಲ್ಲ. ಅದು ಅವರ ಹೊಟ್ಟೆಪಾಡು. ಆದರೆ ಹಳೇ ಆಟಿಕೆಯ ಕಥೆ ಬೇರೆ. ಇದರ ಗುಟ್ಟು ಪೆಟ್ಟಿಗೆಯೊಳಗಿನ ಹಾಳೆಯಲ್ಲೇ ಅಚ್ಚಾಗಿ, ಲೆಕ್ಕವಿಲ್ಲದಷ್ಟು ಮಕ್ಕಳ ಕೈ ಸೇರಿದೆ. ಗುಟ್ಟು ಬರೆಯುವುದು ಮಹಾಪರಾಧ ಅನ್ನುವವರಿಗೆ ಒಂದು ಹಳೇ ವಿಷಯ ನೆನಪಿಸುತ್ತೇನೆ. 1584ರಲ್ಲೇ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ತನ್ನ ಪುಸ್ತಕದಲ್ಲಿ ಗಾರುಡಿಗರ ಕೈಚಳಕಗಳನ್ನು ಬಿಡಿಸಿ ಬರೆದಿದ್ದ. ಮಾಟ-ಮಂತ್ರ ಅಂತ ಜನರನ್ನು ಹಿಂಸಿಸುತ್ತಿದ್ದ ಕಾಲ ಅದು. ಇದರಲ್ಲಿ ದೆವ್ವವೂ ಇಲ್ಲ, ಭೂತವೂ ಇಲ್ಲ, ಬರೀ ಕಣ್ಕಟ್ಟು ಅಂತ ತೋರಿಸುವುದು ಅವನ ಉದ್ದೇಶವಾಗಿತ್ತು. ಅಷ್ಟೆಲ್ಲ ಬರೆದ ಮೇಲೂ ಜಾದೂ ಸಾಯಲಿಲ್ಲ, ಅಲ್ವಾ?

ನನ್ನ ಕಾರಣ ಅಷ್ಟು ದೊಡ್ಡದಲ್ಲ. ಹಳೇ ಜಾದೂ ಆಟಿಕೆಯಲ್ಲಿ ಮೊದಲು ಕಳೆದುಹೋಗುವ ಭಾಗ ಯಾವುದು ಗೊತ್ತಾ? ಗುಟ್ಟಿನ ಭಾಗವೇ. ಅದು ಕಾಣಬಾರದು ಅಂತಲೇ ಮಾಡಿದ್ದು. ಹಾಗಾಗಿ ಕಳೆದರೂ ಯಾರಿಗೂ ಗೊತ್ತಾಗುವುದಿಲ್ಲ. ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ. ಇದು ಪೂರ್ತಿ ಇದೆಯೋ ಇಲ್ಲವೋ ಅಂತ ಹೇಳಬೇಕಾದರೆ ಗುಟ್ಟನ್ನು ಮುಟ್ಟಲೇಬೇಕು. ಬೇರೆ ದಾರಿಯಿಲ್ಲ.

ಹಾಗಾದರೆ ಗುಟ್ಟೇನು?

ತಿಳಿದರೆ ಮಜಾ ಹೋಗುತ್ತದೆ ಅನ್ನುವವರು ಇಲ್ಲಿಗೇ ನಿಲ್ಲಿಸಿ. ಮುಂದೆಲ್ಲ ಗುಟ್ಟು ಗೊತ್ತಿದೆ ಅಂದುಕೊಂಡೇ ಬರೆದಿದ್ದೇನೆ.

ಬಟ್ಟಲು, ಮುಚ್ಚಳ, ಚೆಂಡು ಮೂರೇ ಅಲ್ಲ. ನಾಲ್ಕನೆಯದೊಂದು ಇದೆ. ಅರ್ಧ ಚೆಂಡಿನ ಆಕಾರದ ಟೊಳ್ಳು ಚಿಪ್ಪು, ಅದರ ಸುತ್ತ ಬಳೆಯಂಥ ಅಂಚು. ಅಂಚು ಬಟ್ಟಲಿನ ಬಾಯಿಯ ಮೇಲೆ ಕೂರುತ್ತದೆ, ಮುಚ್ಚಳ ಅದರ ಮೇಲೆ ಕೂರುತ್ತದೆ. ಮುಚ್ಚಳದ ತುದಿ ಹಿಡಿದು ಎತ್ತಿದರೆ ಮುಚ್ಚಳ ಮಾತ್ರ ಬರುತ್ತದೆ. ಚಿಪ್ಪು ಬಟ್ಟಲಲ್ಲೇ ಉಳಿದು, ಅರ್ಧ ಮುಳುಗಿದ ಚೆಂಡಿನ ಹಾಗೆ ಕಾಣುತ್ತದೆ. ಬೆರಳನ್ನು ಒಂಚೂರು ಕೆಳಗಿಳಿಸಿ ಅಂಚನ್ನೂ ಸೇರಿಸಿ ಎತ್ತಿದರೆ ಚಿಪ್ಪು ಮುಚ್ಚಳದೊಳಗೆ ಅಡಗಿಕೊಂಡು ಹೋಗುತ್ತದೆ. ಬಟ್ಟಲಿನ ಒಳಭಾಗ ಕಾಣುತ್ತದೆ. ಆಟವೆಲ್ಲ ಹೆಬ್ಬೆರಳು, ತೋರುಬೆರಳು ಎಲ್ಲಿ ಹಿಡಿಯುತ್ತವೆ ಅನ್ನುವುದರಲ್ಲಿದೆ.

ನನ್ನ ಹತ್ತಿರ ಇರುವುದು ಪೂರ್ತಿ ಇದೆಯಾ ಅಂತ ಹೇಗೆ ನೋಡುವುದು?

ಮೊದಲು ನಾನು ಮೋಸ ಹೋದ ಕಥೆ ಕೇಳಿ. ಮೋಸ ಅನ್ನುವುದೂ ತಪ್ಪೇ. ಒಬ್ಬರ ಹತ್ತಿರ ಒಂದು ಬಟ್ಟಲಿದೆ ಅಂತ ಗೊತ್ತಾಯಿತು. ‘ಎಲ್ಲ ಭಾಗ ಇವೆಯಾ?’ ಅಂತ ಕೇಳಿದೆ. ‘ಇವೆ ಸಾರ್, ಬಟ್ಟಲು, ಮುಚ್ಚಳ, ಚೆಂಡು, ಮೂರೂ ಇವೆ’ ಅಂದರು. ಖುಷಿಯಿಂದ ಕೊಂಡೆ. ಮನೆಗೆ ಬಂದು ಬಿಚ್ಚಿದರೆ ನಿಜವಾಗಲೂ ಮೂರೇ ಇದ್ದವು! ಪಾಪ, ಅವರು ಸುಳ್ಳು ಹೇಳಿರಲಿಲ್ಲ. ನಾಲ್ಕನೆಯದೊಂದು ಇರುತ್ತದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ‘ನಾಲ್ಕಿರಬೇಕು’ ಅಂತ ನಾನು ಮೊದಲೇ ಹೇಳಿದ್ದರೆ ಗುಟ್ಟು ಬಿಟ್ಟುಕೊಟ್ಟ ಹಾಗೆ ಆಗುತ್ತಿತ್ತು. ಹೇಳದೆ ಹೋದದ್ದಕ್ಕೆ ಬರೀ ಡಬ್ಬಿ ಸಿಕ್ಕಿತು.

ಈಗ ನಾನು ಹಾಗೆ ಕೇಳುವುದಿಲ್ಲ. ಮುಚ್ಚಳವನ್ನು ಬೋರಲು ಹಾಕಿ ಒಳಗಿನ ಫೋಟೋ ಕಳಿಸಿ, ಮುಚ್ಚಳ ಇಲ್ಲದ ಬಟ್ಟಲಿನ ಫೋಟೋ ಕಳಿಸಿ ಅಂತ ಕೇಳುತ್ತೇನೆ. ಚಿಪ್ಪು ಇದ್ದರೆ ಎರಡರಲ್ಲಿ ಒಂದು ಕಡೆ ಕಂಡೇ ಕಾಣುತ್ತದೆ. ಎಷ್ಟೋ ಸಲ ಅದು ಮುಚ್ಚಳದೊಳಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅಲ್ಲೊಂದು ಚಿಪ್ಪಿದೆ ಅಂತ ವರ್ಷಗಟ್ಟಲೆ ಮನೆಯವರಿಗೂ ಗೊತ್ತಿರುವುದಿಲ್ಲ.

ವಸ್ತು ಕೈಯಲ್ಲೇ ಇದ್ದರೆ ಇನ್ನೂ ಸುಲಭ. ಮುಚ್ಚಳ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಚಿಪ್ಪು ಇಲ್ಲದಿದ್ದರೆ ಅಂಚಿನ ದಪ್ಪದಷ್ಟು ಜಾಗ ಉಳಿಯುತ್ತದೆ. ಮುಚ್ಚಳ ಲಟಪಟ ಅನ್ನುತ್ತದೆ, ಇಲ್ಲವೇ ಬಟ್ಟಲ ಮೇಲೆ ಸರಿಯಾಗಿ ಕೂರುವುದೇ ಇಲ್ಲ.

ನಿಮ್ಮ ಸಂಗ್ರಹದ ಹಳದಿ ಬಟ್ಟಲು ಹೇಗಿದೆ? ನೇರವಾಗಿ ಹೇಳಿ.

ಚೆನ್ನಾಗಿದೆ, ಆದರೆ ಒಂದು ದೊಡ್ಡ ತಪ್ಪಿದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬಿಗಿ ಸರಿಯಾಗಿದೆ. ಚಿಪ್ಪು ಮುಚ್ಚಳದೊಳಗೆ ಕೂತರೆ ತಾನಾಗಿ ಬೀಳುವುದಿಲ್ಲ. ಬೇಡ ಅಂದಾಗ ಅಂಟಿಕೊಂಡೂ ಬರುವುದಿಲ್ಲ. ಇಂಥ ಆಟಿಕೆಯಲ್ಲಿ ಇದೇ ಮುಖ್ಯ. ಬಿಗಿ ಜಾಸ್ತಿಯಾದರೆ ಚಿಪ್ಪು ಯಾವಾಗಲೂ ಮುಚ್ಚಳದ ಜೊತೆಗೇ ಬರುತ್ತದೆ. ಕಡಿಮೆಯಾದರೆ ನಡುದಾರಿಯಲ್ಲಿ ಟಪ್ ಅಂತ ಬಿದ್ದು ಮಾನ ಕಳೆಯುತ್ತದೆ. ನಾನು ಐವತ್ತು ಸಲ ಎತ್ತಿ ನೋಡಿದೆ. ಒಮ್ಮೆಯೂ ಕೈಕೊಡಲಿಲ್ಲ. ಬಟ್ಟಲಿನ ಕಾಲಿಗೆ ಭಾರ ಸ್ವಲ್ಪ ಜಾಸ್ತಿ ಇದೆ, ಹಾಗಾಗಿ ಒಂದೇ ಕೈಯಲ್ಲಿ ಮುಚ್ಚಳ ಎತ್ತಿದರೂ ಬಟ್ಟಲು ಮೇಜಿನಿಂದ ಏಳುವುದಿಲ್ಲ.

ತಪ್ಪು ಯಾವುದು ಅಂತ ಕಂಡುಹಿಡಿದದ್ದು ನಾನಲ್ಲ, ನನ್ನ ಅಕ್ಕನ ಮಗಳು. ಏಳು ವರ್ಷ. ಊಟದ ಮೇಜಿನ ಮೇಲೆ ಗಲ್ಲ ಊರಿ ಕೂತಿದ್ದಳು. ಅವಳ ಕಣ್ಣು ಬಟ್ಟಲಿನ ಬಾಯಿಯ ಮಟ್ಟಕ್ಕೇ ಇತ್ತು. ನಾನು ಮುಚ್ಚಳ ತೆಗೆದು ‘ನೋಡು, ಚೆಂಡು ವಾಪಸ್ ಬಂತು!’ ಅಂದೆ. ಅವಳು ಚೆಂಡಿನ ಕಡೆ ನೋಡಲೇ ಇಲ್ಲ.

‘ಮಾಮ, ಬಟ್ಟಲಿಗೆ ಕೆಂಪು ಗೆರೆ ಎಲ್ಲಿಂದ ಬಂತು?’

‘ಯಾವ ಗೆರೆ?’

‘ಮೊದಲು ತೆಗೆದಾಗ ಇರಲಿಲ್ಲ. ಈಗ ಇದೆ ನೋಡಿ.’

ನನಗೆ ಉತ್ತರ ಹೊಳೆಯಲಿಲ್ಲ. ಚಿಪ್ಪು ಮತ್ತು ಅದರ ಅಂಚನ್ನು ಒಂದೇ ಕೆಂಪು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿದ್ದಾರೆ. ಮುಚ್ಚಿದಾಗ ಹಳದಿ ಬಟ್ಟಲಿನ ನಡುವಿಗೆ ಕೆಂಪು ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ, ಅಲಂಕಾರದಂತೆ. ಆದರೆ ಆ ಅಲಂಕಾರ ಒಮ್ಮೆ ಮುಚ್ಚಳದ ಜೊತೆ ಹೋಗುತ್ತದೆ, ಇನ್ನೊಮ್ಮೆ ಬಟ್ಟಲ ಜೊತೆ ಉಳಿಯುತ್ತದೆ. ದೊಡ್ಡವರು ಮೇಲಿನಿಂದ ಚೆಂಡನ್ನು ನೋಡುತ್ತಾರೆ, ಅವರಿಗೆ ಕಾಣುವುದಿಲ್ಲ. ಮಕ್ಕಳ ಕಣ್ಣು ಮೇಜಿನ ಮಟ್ಟಕ್ಕಿರುತ್ತದೆ, ಅವರಿಗೆ ಮೊದಲು ಕಾಣುವುದೇ ಅದು. ಮಕ್ಕಳಿಗಾಗಿ ಮಾಡಿದ ಆಟಿಕೆ ಮಕ್ಕಳ ಮುಂದೆಯೇ ಸೋಲುತ್ತದೆ. ಅಂಚನ್ನು ಹಳದಿ ಮಾಡಿದ್ದರೆ ಮುಗಿಯುತ್ತಿತ್ತು. ಎರಡು ಬಣ್ಣದ ಖರ್ಚು ಉಳಿಸಲು ಹೀಗೆ ಮಾಡಿರಬೇಕು ಅಂತ ನನ್ನ ಊಹೆ.

ಇನ್ನೆರಡು ಸಣ್ಣ ದೂರುಗಳಿವೆ. ಚಿಪ್ಪು ಚೆಂಡನ್ನು ಮುಚ್ಚುವಂತಿರಬೇಕಾದ್ದರಿಂದ ಚೆಂಡಿಗಿಂತ ಒಂದು ಕೂದಲೆಳೆ ದೊಡ್ಡದು. ಅದು ಸಹಜ, ಯಾರೂ ಗಮನಿಸುವುದಿಲ್ಲ. ಆದರೆ ಚೆಂಡಿಗೆ ನಡುವೆ ಅಚ್ಚಿನ ಗೆರೆಯಿದೆ, ಚಿಪ್ಪಿಗಿಲ್ಲ. ಚೆಂಡನ್ನು ಬಟ್ಟಲಲ್ಲಿಡುವಾಗ ಆ ಗೆರೆ ಅಡ್ಡಕ್ಕೆ, ಬಟ್ಟಲಿನ ಬಾಯಿಗೆ ಸರಿಯಾಗಿ ಬರುವಂತೆ ಇಟ್ಟರೆ ಮರೆಯಾಗುತ್ತದೆ. ಸೂಚನೆಯ ಹಾಳೆಯಲ್ಲಿ ಇದನ್ನು ಬರೆದಿಲ್ಲ, ಆಡಿ ಆಡಿ ನನಗೇ ಗೊತ್ತಾದದ್ದು.

ಚೆಂಡಿನ ಬಣ್ಣ, ಚಿಪ್ಪಿನ ಬಣ್ಣ ಬೇರೆ ಬೇರೆ ಕಾಣುತ್ತಿದೆ. ಚೆಂಡು ಬದಲಾಗಿದೆಯಾ?

ಬದಲಾಗಿರಲೇಬೇಕು ಅಂತೇನಿಲ್ಲ. ಚಿಪ್ಪು ಯಾವಾಗಲೂ ಮುಚ್ಚಳದ ಕತ್ತಲಲ್ಲೇ ಇರುತ್ತದೆ. ಚೆಂಡು ಮಾತ್ರ ಮಕ್ಕಳ ಕೈಯಲ್ಲಿ, ಕಿಟಕಿಯ ಹತ್ತಿರ, ಬಿಸಿಲಲ್ಲಿ ಓಡಾಡಿಕೊಂಡಿರುತ್ತದೆ. ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ನನ್ನದರಲ್ಲೂ ಚೆಂಡು ಒಂದು ಸುತ್ತು ಮಸುಕು. ರಾತ್ರಿ ದೀಪದ ಬೆಳಕಲ್ಲಿ ಗೊತ್ತೇ ಆಗುವುದಿಲ್ಲ. ಕಿಟಕಿಯ ಪಕ್ಕ ಆಡಿದರೆ ಕಾಣುತ್ತದೆ. ಹಾಗಾಗಿ ನಾನು ಕಿಟಕಿಗೆ ಬೆನ್ನು ಹಾಕಿ ಕೂರುತ್ತೇನೆ. ಬಣ್ಣ ಬಳಿಯಲು ಹೋಗಬೇಡಿ. ಬಣ್ಣದ ದಪ್ಪಕ್ಕೇ ಚೆಂಡು ಚಿಪ್ಪಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಚೆಂಡೇ ಕಳೆದಿದೆ. ಬೇರೆ ಹಾಕಬಹುದಾ?

ಆಡಲು ಹಾಕಿ, ತಪ್ಪಿಲ್ಲ. ಚಿಪ್ಪಿನ ಒಳಗೆ ಸರಾಗವಾಗಿ ತಿರುಗುವ, ಅದೇ ಬಣ್ಣದ ಮಣಿ ಅಥವಾ ಚೆಂಡು ಹುಡುಕಿ. ಸದ್ದು ಕೇಳಿ ನೋಡಿ. ಗಾಜಿನ ಗೋಲಿ ಹಾಕಿದರೆ ಕಟಕಟ ಅಂದು ಗುಟ್ಟು ರಟ್ಟಾಗುತ್ತದೆ. ಕೊಡುವಾಗ ಮಾತ್ರ ‘ಚೆಂಡು ಮೂಲದ್ದಲ್ಲ’ ಅಂತ ಹೇಳಿ ಕೊಡಿ.

ಮರದ್ದು ಒಳ್ಳೆಯದೋ, ಪ್ಲಾಸ್ಟಿಕ್ಕಿನದ್ದೋ?

ನೋಡಲು ಮರ, ಆಡಲು ಪ್ಲಾಸ್ಟಿಕ್. ಇದು ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಬಹುದು.

ಚರಕಿಯಲ್ಲಿ ತಿರುಗಿಸಿ ಕಡೆದ ಮರದ ಬಟ್ಟಲುಗಳು ನಿಜಕ್ಕೂ ಸೊಗಸು. ಅವುಗಳ ಮೈಮೇಲೆ ಸುತ್ತಲೂ ಗೀರು, ಬಳೆ, ಉಬ್ಬು ತಗ್ಗು ಇರುತ್ತವೆ. ಬರೀ ಚೆಂದಕ್ಕೆ ಅಂದುಕೊಂಡಿರಾ? ಅಲ್ಲ. ಇಂಥ ಹತ್ತು ಗೀರುಗಳ ನಡುವೆ ಒಂದು ನಿಜವಾದ ಸಂದು ಇರುತ್ತದೆ. ಮುಚ್ಚಳ ಎಲ್ಲಿ ಮುಗಿಯುತ್ತದೆ, ಚಿಪ್ಪಿನ ಅಂಚು ಎಲ್ಲಿ ಶುರುವಾಗುತ್ತದೆ ಅಂತ ಕಣ್ಣಿಗೆ ಸಿಗುವುದಿಲ್ಲ. ನನ್ನ ಹಳದಿ ಬಟ್ಟಲು ಮಾಡಿದವರು ಈ ಬುದ್ಧಿ ಉಪಯೋಗಿಸಿದ್ದರೆ ಏಳು ವರ್ಷದ ಹುಡುಗಿಯ ಮುಂದೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಆದರೆ ಮರ ಸುಮ್ನೆ ಇರುವ ವಸ್ತುವಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಜಾಸ್ತಿ, ಅಡ್ಡಕ್ಕೆ ಕಡಿಮೆ. ಹಾಗಾಗಿ ಕಡೆದಾಗ ದುಂಡಗಿದ್ದ ಬಾಯಿ ಕಾಲ ಕಳೆದಂತೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಚಿಪ್ಪು ಒಂದು ದಿಕ್ಕಿನಲ್ಲಿ ಸಲೀಸಾಗಿ ಬರುತ್ತದೆ, ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಹಾಗಾದಾಗ ಉಪ್ಪುಕಾಗದ ಹಿಡಿದು ಉಜ್ಜಬೇಡಿ. ಸಲೀಸಾದ ದಿಕ್ಕು ಹುಡುಕಿ, ಒಳಗೆ ಪೆನ್ಸಿಲಿನಲ್ಲಿ ಚಿಕ್ಕ ಗುರುತು ಮಾಡಿಕೊಳ್ಳಿ. ಅಂಚಿಗೆ ಒಂದಿಷ್ಟು ಮೇಣ ಸವರಿದರೂ ಸಾಕು.

ಎಷ್ಟು ಹಳೆಯದು ಅಂತ ಹೇಗೆ ತಿಳಿಯುವುದು?

ವಸ್ತುವಿನ ಮೈ ನೋಡಿ ಹೇಳುವುದು ಕಷ್ಟ. ಒಂದೇ ಅಚ್ಚನ್ನು ದಶಕಗಟ್ಟಲೆ ಬಳಸುತ್ತಿದ್ದರು. ಪೆಟ್ಟಿಗೆ, ಹಾಳೆ ಇದ್ದರೆ ಮಾತ್ರ ಒಂದಿಷ್ಟು ದಾರಿ ಸಿಗುತ್ತದೆ.

ದೇಶದ ಹೆಸರು ನೋಡಿ. ಅಮೆರಿಕಕ್ಕೆ ಬರುವ ಸಾಮಾನಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕು ಅನ್ನುವ ಕಾನೂನು 1890ರದ್ದು. ‘ಆಕ್ಯುಪೈಡ್ ಜಪಾನ್’ (ಪರರ ವಶದಲ್ಲಿದ್ದ ಜಪಾನ್) ಅಂತ ಇದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ, 1952ರ ಒಳಗಿನದ್ದು. ‘ವೆಸ್ಟ್ ಜರ್ಮನಿ’ ಅಂತ ಇದ್ದರೆ 1949ರಿಂದ 1990ರ ನಡುವಿನದ್ದು. ಅಮೆರಿಕದ ವಿಳಾಸದಲ್ಲಿ ನಮ್ಮ ಪಿನ್ ಕೋಡ್‌ನಂಥ ಐದು ಅಂಕಿಯ ಜಿಪ್ ಕೋಡ್ ಇದ್ದರೆ 1963ಕ್ಕಿಂತ ಹಿಂದಿನದ್ದಲ್ಲ. ಬಾರ್‌ಕೋಡ್ ಇದೆಯಾ? ಅಂಗಡಿಯ ಕೌಂಟರಿನಲ್ಲಿ ಮೊದಲ ಸಲ ಅದನ್ನು ಸ್ಕ್ಯಾನ್ ಮಾಡಿದ್ದು 1974ರ ಜೂನ್‌ನಲ್ಲಿ. ನಿಮ್ಮ ಪೆಟ್ಟಿಗೆ ಹೆಚ್ಚುಕಡಿಮೆ ಆಗಿನದ್ದು, ಇಲ್ಲವೇ ಅದಾದ ಮೇಲಿನದ್ದು.

ಜಿಪ್ ಕೋಡ್, ಬಾರ್‌ಕೋಡ್‌ನಂಥವು ‘ಇದಕ್ಕಿಂತ ಹಳೆಯದಲ್ಲ’ ಅಂತ ಹೇಳುತ್ತವೆ ಅಷ್ಟೇ. ಬಾರ್‌ಕೋಡ್ ಇಲ್ಲ ಅಂದ ಮಾತ್ರಕ್ಕೆ 1974ಕ್ಕೂ ಹಿಂದಿನದ್ದು ಅಂತ ತೀರ್ಮಾನಿಸಬೇಡಿ. ಹೊಸ ಆಟಿಕೆಯನ್ನು ಹಳೇ ಪೆಟ್ಟಿಗೆಯಲ್ಲಿ ತುಂಬಿಟ್ಟದ್ದನ್ನೂ ನೋಡಿದ್ದೇನೆ.

ಇಂಥವನ್ನು ಯಾರು ಮಾಡುತ್ತಿದ್ದರು?

ಹೆಸರಿಲ್ಲದ ಮಾಲೇ ಜಾಸ್ತಿ. ನನ್ನದರ ಮೇಲೂ ಯಾವ ಹೆಸರೂ ಇಲ್ಲ. ಆದರೆ ಜಾದೂ ಆಟಿಕೆ ಕೂಡಿಡುವವರ ಬಾಯಲ್ಲಿ ಕೆಲವು ಹೆಸರುಗಳು ಓಡಾಡುತ್ತಲೇ ಇರುತ್ತವೆ.

ನನಗೆ ಇಷ್ಟವಾದದ್ದು ಎ.ಸಿ. ಗಿಲ್ಬರ್ಟ್ ಕಥೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದಾಗ ಜಾದೂ ತೋರಿಸಿ ಖರ್ಚಿಗೆ ದುಡ್ಡು ಹೊಂದಿಸಿಕೊಳ್ಳುತ್ತಿದ್ದ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪೋಲ್ ವಾಲ್ಟ್‌ನಲ್ಲಿ ಇನ್ನೊಬ್ಬನ ಜೊತೆ ಚಿನ್ನ ಹಂಚಿಕೊಂಡ. ಡಾಕ್ಟರಿಕೆ ಮಾಡಲಿಲ್ಲ. 1909ರಲ್ಲಿ ಮಿಸ್ಟೊ ಅನ್ನುವ ಕಂಪನಿ ಶುರುಮಾಡಿ ಮಕ್ಕಳ ಜಾದೂ ಪೆಟ್ಟಿಗೆ ಮಾರಿದ. 1913ರಲ್ಲಿ ಬಂದ ಇರೆಕ್ಟರ್ ಅನ್ನುವ ಕಬ್ಬಿಣದ ಪಟ್ಟಿಗಳ ಜೋಡಣೆ ಆಟಿಕೆ ಅವನ ಹೆಸರನ್ನು ಎಲ್ಲ ಕಡೆ ಹಬ್ಬಿಸಿತು. ಅಮೆರಿಕದ ಎಸ್.ಎಸ್. ಆಡಮ್ಸ್ ಕಂಪನಿ 1906ರಲ್ಲಿ ಸೀನು ಬರಿಸುವ ಪುಡಿಯಿಂದ ಶುರುವಾಗಿ, ಮುಂದೆ ಜೇಬಿನ ಜಾದೂ ಆಟಿಕೆಗಳಿಗೂ ಹೆಸರಾಯಿತು. ಜಪಾನಿನ ಟೆನ್ಯೊ 1931ರದ್ದು. ಪ್ಲಾಸ್ಟಿಕ್ ಜಾದೂವಿನಲ್ಲಿ ಅವರ ಅಚ್ಚುಕಟ್ಟೇ ಬೇರೆ.

ಹೇಗೆ ತೊಳೆಯುವುದು? ಯಾವ ಪ್ಲಾಸ್ಟಿಕ್ ಅಂತ ಹೇಗೆ ಗೊತ್ತಾಗುತ್ತದೆ?

ಉಗುರಿನ ಬಣ್ಣ ತೆಗೆಯುವ ದ್ರಾವಣ ಮಾತ್ರ ಮುಟ್ಟಿಸಬೇಡಿ. ನಾನು ಮುಟ್ಟಿಸಿದ್ದೇನೆ. ಒಂದು ಮುಚ್ಚಳದ ಮೇಲೆ ಲೇಬಲ್ಲಿನ ಅಂಟು ಉಳಿದಿತ್ತು. ಹತ್ತಿಯಲ್ಲಿ ಅದ್ದಿ ಒರೆಸಿದೆ. ಅಂಟು ಹೋಯಿತು, ಅದರ ಜೊತೆ ಮುಚ್ಚಳದ ಹೊಳಪೂ ಹೋಯಿತು. ಹತ್ತಿಯ ಎಳೆಗಳು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಹೂತುಹೋಗಿ ಈಗಲೂ ಅಲ್ಲೇ ಇವೆ. ಅದರಲ್ಲಿರುವ ಅಸಿಟೋನ್ ಪಾಲಿಸ್ಟೈರೀನನ್ನು ಕರಗಿಸಿಬಿಡುತ್ತದೆ. ಎರಡನೇ ಮಹಾಯುದ್ಧದ ನಂತರದ ಅಗ್ಗದ ಆಟಿಕೆಗಳಲ್ಲಿ ಬಹಳಷ್ಟು ಆ ಪ್ಲಾಸ್ಟಿಕ್ಕೇ. ಉಗುರಲ್ಲಿ ತಟ್ಟಿದರೆ ಟಿಣ್ ಅಂತ ಗಡಸು ಸದ್ದು ಬರುತ್ತದೆ. ಬಿದ್ದರೆ ಗಾಜಿನ ಹಾಗೆ ಸೀಳುತ್ತದೆ.

ಉಗುರು ಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ. ಅಷ್ಟು ಸಾಕು.

ಇನ್ನೂ ಹಳೆಯ ವಸ್ತುವಾದರೆ ಮೂಗೇ ಒಳ್ಳೆಯ ಪರೀಕ್ಷಕ. ಬೆರಳಲ್ಲಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಇದಕ್ಕೆ ಬೆಂಕಿ ಹತ್ತಿದರೆ ಭಗ್ ಅಂತ ಉರಿಯುತ್ತದೆ. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ವಿನೆಗರ್ ವಾಸನೆ ಬಂದರೆ ಸೆಲ್ಯುಲೋಸ್ ಅಸಿಟೇಟ್, ಅದೂ ಕೆಡಲು ಶುರುವಾಗಿದೆ ಅಂತ ಅರ್ಥ. ಅದನ್ನು ಉಳಿದವುಗಳಿಂದ ಬೇರೆ ಇಡಿ, ಗಾಳಿಯಾಡಲಿ. ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದರೆ ಈಗಲೇ ಬಿಚ್ಚಿ. ಅದು ಕರಗಿ ಅಂಟಿಕೊಂಡರೆ ಕಲೆ ಹೋಗುವುದೇ ಇಲ್ಲ.

ಸೂಚನೆಯ ಹಾಳೆ ಇಲ್ಲದಿದ್ದರೆ ಬೆಲೆ ಕಡಿಮೆಯಾಗುತ್ತದಾ?

ಬೆಲೆಯ ಬಗ್ಗೆ ನಾನು ಬರೆಯುವುದಿಲ್ಲ. ಇವತ್ತಿನ ಬೆಲೆ ನಾಳೆ ಇರುವುದಿಲ್ಲ. ಆದರೆ ಹಾಳೆ ಇಲ್ಲದ ಆಟಿಕೆ ನನಗೆ ಅರ್ಧ ಆಟಿಕೆ. ಗುಟ್ಟು ತಿಳಿಯಲು ಅಲ್ಲ. ಜೊತೆಗೆ ಯಾವ ಮಾತು ಆಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಆ ಕಾಲದವರು ಮಕ್ಕಳಿಗೆ ಹೇಗೆ ಹೇಳಿಕೊಟ್ಟರು ಅನ್ನುವುದು ಅದರಲ್ಲಿದೆ. ನನ್ನ ಹಾಳೆಯ ಮೂಲೆಯಲ್ಲಿ ಯಾವುದೋ ಮಗು ‘ಕೆಳಗೆ ಹಿಡಿ!!’ ಅಂತ ಪೆನ್ಸಿಲಿನಲ್ಲಿ ಬರೆದುಕೊಂಡಿದೆ. ಎರಡು ಆಶ್ಚರ್ಯಸೂಚಕ ಚಿಹ್ನೆ. ಮರೆತು ಮೇಲೆ ಹಿಡಿದು ಎಷ್ಟು ಸಲ ಸಿಕ್ಕಿಬಿದ್ದಿತ್ತೋ ಏನೋ.

ವಿಮರ್ಶೆ ಬರೆಯುವ ಮೊದಲು ಏನೇನು ಪರೀಕ್ಷೆ ಮಾಡುತ್ತೀರಿ?

ಕನ್ನಡಿಯ ಮುಂದೆ ಆಡುತ್ತೇನೆ. ಆಮೇಲೆ ಮೊಬೈಲನ್ನು ಮೇಜಿನ ಮಟ್ಟಕ್ಕೆ ಇಟ್ಟು ವಿಡಿಯೋ ಮಾಡುತ್ತೇನೆ. ಇದು ಅಕ್ಕನ ಮಗಳಿಂದ ಕಲಿತ ಪಾಠ. ಕೊನೆಗೆ ಒಬ್ಬ ದೊಡ್ಡವರ ಮುಂದೆ, ಒಂದು ಮಗುವಿನ ಮುಂದೆ. ಗುಟ್ಟು ಗೊತ್ತಿರುವವರ ಮುಂದೆ ಆಡಿ ಪ್ರಯೋಜನವಿಲ್ಲ, ಅವರು ಬೆರಳನ್ನೇ ನೋಡುತ್ತಾರೆ.

ನಾಲ್ಕು ದಿನವಾದರೂ ಆಡದೆ ಬರೆಯುವುದಿಲ್ಲ. ಮೊದಲ ದಿನ ಎಲ್ಲ ಆಟಿಕೆಯೂ ಕೆಟ್ಟದ್ದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಮೊದಲ ದಿನ ಚಿಪ್ಪು ಬಿದ್ದರೆ ತಪ್ಪು ನನ್ನ ಕೈಯದ್ದು. ನಾಲ್ಕನೇ ದಿನವೂ ಬಿದ್ದರೆ ಆಟಿಕೆಯದ್ದು.

ಅಂಕ ಯಾಕೆ ಕೊಡುವುದಿಲ್ಲ?

ಹತ್ತಕ್ಕೆ ಏಳು ಅಂದರೆ ಏನು ಅರ್ಥವಾಯಿತು? ಬಿಗಿ ಹೇಗಿದೆ, ಯಾವ ಕೋನದಿಂದ ಸಿಕ್ಕಿಬೀಳುತ್ತದೆ, ಯಾವ ಭಾಗ ಇಲ್ಲ, ಇಷ್ಟು ಹೇಳಿದರೆ ನಿಮಗೇ ಗೊತ್ತಾಗುತ್ತದೆ.

ಮಕ್ಕಳ ಕೈಗೆ ಕೊಡಬಹುದಾ?

ತೀರಾ ಚಿಕ್ಕವರಿಗೆ ಬೇಡವೇ ಬೇಡ. ಅಮೆರಿಕದ ನಿಯಮದಲ್ಲಿ ಮೂರು ವರ್ಷದೊಳಗಿನವರ ಆಟಿಕೆಯ ಚೆಂಡು 44.4 ಮಿಲಿಮೀಟರ್ ರಂಧ್ರದಲ್ಲಿ ತೂರಿಹೋಗುವಷ್ಟು ಚಿಕ್ಕದಿರಬಾರದು. ನಮ್ಮ ಚೆಂಡು ಅದರ ಅರ್ಧವೂ ಇಲ್ಲ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣ ಬಳಿದ ಹಳೇ ಮರದ ಆಟಿಕೆಯಾದರೆ ಇನ್ನೊಂದು ಭಯ, ಸೀಸ. ಆಟಿಕೆಗಳಲ್ಲಿ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದೇ 1978ರಲ್ಲಿ. ಅದಕ್ಕೂ ಹಿಂದಿನದ್ದರ ಬಣ್ಣ ಎದ್ದು ಉದುರುತ್ತಿದ್ದರೆ ಗಾಜಿನ ಕಪಾಟಿನಲ್ಲಿಟ್ಟು ನೋಡಿ, ಅಷ್ಟೇ.

ಏಳೆಂಟು ವರ್ಷದವರಿಗೆ ಧಾರಾಳವಾಗಿ ಕೊಡಿ. ಹಳೆಯದು, ಮುಟ್ಟಬೇಡ ಅನ್ನಬೇಡಿ. ನನ್ನ ಬಟ್ಟಲು ಈಗ ವಾರಕ್ಕೊಮ್ಮೆ ಅಕ್ಕನ ಮಗಳ ಕೈಗೆ ಹೋಗುತ್ತದೆ. ಅವಳು ಕೆಂಪು ಗೆರೆಯ ಸಮಸ್ಯೆಗೆ ಉಪಾಯವನ್ನೂ ಹುಡುಕಿದ್ದಾಳೆ. ನೋಡುವವರನ್ನು ಎದ್ದು ನಿಲ್ಲಲು ಹೇಳುತ್ತಾಳೆ!

ಬೇರೆ ಜಾದೂ ಆಟಿಕೆಗಳನ್ನೂ ಹೀಗೇ ನೋಡಬೇಕಾ?

ಹೆಚ್ಚುಕಡಿಮೆ ಹೌದು. ಪ್ರತಿಯೊಂದರಲ್ಲೂ ಮೊದಲು ಕೆಡುವ ಜಾಗ ಒಂದಿರುತ್ತದೆ, ಸಾಮಾನ್ಯವಾಗಿ ಗುಟ್ಟಿರುವ ಜಾಗವೇ ಅದು. ಜಾದೂ ಇಸ್ಪೀಟಿನಲ್ಲಿ ಎಲೆಗಳ ಅಂಚು ನೋಡಿ, ಮೆತ್ತಗಾಗಿದ್ದರೆ ಆಟ ಮುಗಿದ ಹಾಗೆ. ಡ್ರಾಯರ್ ಪೆಟ್ಟಿಗೆಯಲ್ಲಿ ಒಳಗಿನ ತೆಳು ಹಲಗೆ ಅಂಟು ಬಿಟ್ಟು ಸೊಟ್ಟಗಾಗಿರುತ್ತದೆ. ದಾರ ಎಳೆಯುವ ಜೋಡಿ ಕೋಲುಗಳಲ್ಲಿ ಒಳಗಿನ ದಾರವೇ ಮೊದಲು ಹರಿಯುತ್ತದೆ. ಸ್ಪಂಜಿನ ಚೆಂಡುಗಳು ಮುಟ್ಟಿದರೆ ಪುಡಿಯಾಗುತ್ತವೆ, ಅವಕ್ಕೆ ಮದ್ದಿಲ್ಲ.

ಹಳೇ ಡಬ್ಬಿಯಲ್ಲಿ ಒಂದು ಟೊಳ್ಳು ಅರ್ಧ ಚೆಂಡು ಸಿಕ್ಕಿದೆ, ಸುತ್ತ ಅಂಚಿದೆ. ಯಾವುದರ ಮುರಿದ ಚೂರೋ ಗೊತ್ತಿಲ್ಲ. ಎಸೆಯಲಾ?

ಅಯ್ಯೋ, ಎಸೆಯಬೇಡಿ! ಅದು ಮುರಿದ ಚೂರಲ್ಲ. ಅಂಚಿನ ಹೊರಗಿನ ಅಗಲ ಅಳೆದು ನೋಡಿ. ಆ ಮೂರೇ ಭಾಗದ ಬಟ್ಟಲು ನನ್ನ ಹತ್ತಿರ ಈಗಲೂ ಇದೆ. ಅದರ ಬಾಯಿ ಸರಿಯಾಗಿ 27 ಮಿಲಿಮೀಟರ್, ಬಣ್ಣ ನೀಲಿ.